ಹೆಸರು ತಳದಲ್ಲಿರಬೇಕು

ಹೋದ ತಿಂಗಳು ನಮ್ಮ ಆಫೀಸಿನಿಂದ ನಿವೃತ್ತರಾದ ಒಬ್ಬರ ಬಗ್ಗೆ ಬರೆಯಲು ಕುಳಿತಿದ್ದೇನೆ. ಅವರ ಹೆಸರು ಮಾತ್ರ ಬರೆಯುವಂತಿಲ್ಲ. ಹೀಗೆ ಬರೆಯಬೇಕು ಅಂತಿದ್ದೇನೆ ಎಂದು ಫೋನಿನಲ್ಲಿ ಹೇಳಿದ್ದಕ್ಕೇ ಬೈಸಿಕೊಂಡೆ. "ಏನರೆ ಬರಕೋ ತಮ್ಮಾ, ಆದ್ರ ನನ್ನ ಹೆಸರು ಅಚ್ಚು ಹಾಕಿಸಿದಿ ಅಂದ್ರ ನೋಡು, ನಮ್ಮ ಮನಿ ಮೆಟ್ಟಲಾ ಹತ್ತಬ್ಯಾಡ" ಅಂದರು. ತಮಾಷೆ ನೋಡಿ, ಮನೆಯ ಸೌಟು ಚಮಚೆಗಳನ್ನೂ ಬಿಡದೆ ಹೆಸರು ಹಾಕಿಸಿದ ಹೆಂಗಸು ಇವರು! ಇರಲಿ. ಆಫೀಸಿನವರೆಲ್ಲ ಮೇಡಂ ಅನ್ನುತ್ತಿದ್ದರು, ನಾನೊಬ್ಬ ಅಕ್ಕಾರ ಅನ್ನುತ್ತಿದ್ದೆ. ಇಲ್ಲಿಯೂ ಅಕ್ಕ ಎಂದೇ ಬರೆಯುತ್ತೇನೆ.

ಅವರನ್ನು ಮೊದಲು ನೋಡಿದ್ದು ಕೆಲಸದ ಸಂದರ್ಶನದಲ್ಲಿ. ಮೂವರು ಕುಳಿತಿದ್ದರು. ಇಬ್ಬರು ಗಂಡಸರು ಇಂಗ್ಲಿಷಿನಲ್ಲಿ ಏನೇನೋ ಕೇಳಿ ನನ್ನ ಬೆವರಿಳಿಸಿದರು. ನಡುವೆ ಕುಳಿತಿದ್ದ, ಕಾಟನ್ ಸೀರೆಯುಟ್ಟ ಹೆಂಗಸು ನನ್ನ ಕಾಗದದ ಮೇಲೆ ಊರಿನ ಹೆಸರು ಓದಿ ತಲೆಯೆತ್ತಿ, "ರಾಯಚೂರೇನು? ಊಟಾ ಆತೇನು?" ಅಂದುಬಿಟ್ಟರು. ಹೈದರಾಬಾದಿನ ಗಾಜಿನ ಕಟ್ಟಡದ ಏಳನೆಯ ಮಹಡಿಯಲ್ಲಿ ನಮ್ಮೂರ ಮಾತು ಕೇಳಿ ನನಗೆ ಕಕ್ಕಾಬಿಕ್ಕಿ. ಆಮೇಲೆ ಕೇಳಿದರು: "ನಿಮ್ಮ ಮನ್ಯಾಗ ಉಪ್ಪಿನ ಡಬ್ಬಿ ಎಲ್ಲಿರತೈತಿ?"

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ರಿ, ಹೆಂಡತಿಯನ್ನು ಕೇಳಬೇಕು ಅಂದೆ.

"ಯಾರನ್ನ ಕೇಳಬೇಕು ಅನ್ನೂದರ ಗೊತ್ತೈತಲ್ಲ. ಸಾಕು" ಎಂದು ಪೆನ್ನಿನ ಟೋಪಿ ಹಾಕಿದರು. ಕೆಲಸ ಸಿಕ್ಕಿತು. ಪಕ್ಕದ ಇಬ್ಬರಿಗೂ ಏನಾಯಿತೆಂದು ಇವತ್ತಿಗೂ ತಿಳಿದಿರಲಿಕ್ಕಿಲ್ಲ.

ಅದು ತಮಾಷೆಯ ಪ್ರಶ್ನೆಯಲ್ಲ, ನಮ್ಮ ಕೆಲಸವೇ ಅದು ಎಂದು ತಿಳಿಯಲು ನನಗೆ ಆರು ತಿಂಗಳು ಹಿಡಿಯಿತು. ನಮ್ಮ ಕಂಪನಿ ತಯಾರಿಸುವುದು ಮಾಹಿತಿ ಕೂಡಿಡುವ ಯಂತ್ರ. ಕಬ್ಬಿಣದ ಬೀರುವಿನಷ್ಟು ದೊಡ್ಡದು, ಒಳಗೆ ಸಾಲುಸಾಲು ಡಿಸ್ಕುಗಳು. ಆಸ್ಪತ್ರೆಯವರು, ಕಾಲೇಜಿನವರು ತಮ್ಮ ಮಾಹಿತಿಯನ್ನೆಲ್ಲ ಅದರೊಳಗೆ ತುಂಬುತ್ತಾರೆ. ಡಿಸ್ಕುಗಳನ್ನು ನಡೆಸುವುದು ಕಂಟ್ರೋಲರ್ ಎಂಬ ಪುಟ್ಟ ಗಣಕ. ಒಂದು ಕೆಟ್ಟರೆ ಇನ್ನೊಂದು ಇರಲಿ, ಕೆಲಸವೂ ಬೇಗ ಸಾಗಲಿ ಎಂದು ನಮ್ಮ ಯಂತ್ರದಲ್ಲಿ ನಾಲ್ಕು ಕಂಟ್ರೋಲರ್‌ಗಳು. ಒಳಗೆ ಬಂದ ಮಾಹಿತಿಯನ್ನು ಚೂರುಚೂರು ಮಾಡಿ ಎಲ್ಲ ಡಿಸ್ಕುಗಳ ಮೇಲೂ ಹಂಚಿಡುತ್ತವೆ. ಯಾವ ಚೂರು ಎಲ್ಲಿದೆ ಎಂದು ಹೇಳುವ ಒಂದು ನಕಾಶೆ ಇರುತ್ತದೆ, ಅದಕ್ಕೆ ಮೆಟಾಡೇಟಾ ಅನ್ನುತ್ತೇವೆ. ನಕಾಶೆ ಹಾಳಾದರೆ ಮಾಹಿತಿ ಡಿಸ್ಕಿನ ಮೇಲೆ ಇದ್ದೂ ಇಲ್ಲದಂತೆ. ಒಬ್ಬನೇ ನೋಡಿಕೊಳ್ಳುವ ನಕಾಶೆಯಾದರೆ ತೊಂದರೆಯಿಲ್ಲ. ನಾಲ್ವರು ಒಂದೇ ನಕಾಶೆ ಹಿಡಿದು, ನಾಲ್ವರೂ ಅದರ ಮೇಲೆ ತಿದ್ದತೊಡಗಿದರೆ?

ಇದನ್ನು ಅಕ್ಕ ನನಗೆ ಹೇಳಿಕೊಟ್ಟದ್ದು ತಮ್ಮ ಅಡುಗೆಮನೆಯ ಲೆಕ್ಕದಲ್ಲಿ. ಅವರದು ಕಲಬುರಗಿ ಕಡೆಯ ಮನೆತನ. ಅಜ್ಜನ ಕಾಲಕ್ಕೇ ಸರಕಾರಿ ನೌಕರಿಗೆಂದು ಹೈದರಾಬಾದಿಗೆ ಬಂದವರು. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ಹಿಂದಿ, ಬಸ್ಸಿನಲ್ಲಿ ತೆಲುಗು. ಗಂಡನ ಮನೆಯೂ ಅಂಥದ್ದೇ. ಕೂಕಟ್‌ಪಲ್ಲಿಯಲ್ಲಿ ಅಕ್ಕಪಕ್ಕದ ಎರಡು ಫ್ಲ್ಯಾಟುಗಳ ನಡುಗೋಡೆ ಒಡೆದು ಒಂದೇ ಮಾಡಿಕೊಂಡು ಮೂವರು ಅಣ್ಣತಮ್ಮಂದಿರು ಇದ್ದರು. ಅತ್ತೆ ಒಬ್ಬರು, ಸೊಸೆಯರು ಮೂವರು, ಅಡುಗೆಮನೆ ಒಂದು. ಸೊಸೆಯರು ಮೂವರೂ ನೌಕರಿಗೆ ಹೋಗುವವರು. ಅಕ್ಕ ಹಿರಿಯ ಸೊಸೆ.

"ಮೊದಲಿಗೆ ಏನ್ ಮಾಡತಿದ್ವಿ ಗೊತ್ತೇನು? ಯಾರ ಏನ್ ಮಾಡಿದ್ರೂ ಎಲ್ಲಾರಿಗೂ ಒದರಿ ಹೇಳೂದು. ಉಪ್ಪು ಹಾಕೀನ್ರೇ! ಬ್ಯಾಳಿ ತೊಳದೀನ್ರೇ! ಹಾಲು ಕಾಸೀನ್ರೇ! ಬರೇ ಹೇಳೂದರಾಗ ಹೊತ್ತು ಹೋಗತಿತ್ತು, ಅಡಗಿ ಆಗತಿದ್ದಿಲ್ಲ. ಕಡೀಕ ನಮ್ಮತ್ತಿ ಹಂಚಿಕೊಟ್ಲು. ಸಾರು ನಿಂದು, ಪಲ್ಯ ಆಕೀದು, ಹಾಲು ಮೊಸರು ಈಕೀದು, ರೊಟ್ಟಿ ನಂದು. ಸಾರಿಗೆ ಉಪ್ಪು ಹಾಕೈತೋ ಇಲ್ಲೋ ಅಂತ ತಿಳೀಬೇಕಾದ್ರ ಸಾರಿನಾಕೀನ್ನ ಕೇಳು. ಅಷ್ಟಽ."

ನಮ್ಮ ಹಳೆಯ ಯಂತ್ರದಲ್ಲಿ ನಾಲ್ಕೂ ಕಂಟ್ರೋಲರ್‌ಗಳ ಬಳಿ ಪೂರ್ತಿ ನಕಾಶೆ ಇತ್ತು. ಒಬ್ಬರು ಒಂದು ಗೆರೆ ತಿದ್ದಿದರೆ ಉಳಿದ ಮೂವರಿಗೂ ಒದರಿ ಹೇಳಬೇಕಿತ್ತು. ಅಕ್ಕ ಅದನ್ನು ತೆಗೆದು ನಕಾಶೆಯನ್ನು ಹಂಚಿದರು. ಪ್ರತಿ ಪುಟಕ್ಕೂ ಒಬ್ಬ ಒಡೆಯ. ತಿದ್ದುವವನು ಅವನೇ, ಬೇಕಾದವರು ಅವನನ್ನೇ ಕೇಳಬೇಕು. ಅವನಿಗೆ ಏನಾದರೂ ಆದರೆ ಎಂದು ಪ್ರತಿ ಪುಟದ ನಕಲು ಒಬ್ಬ ಜೊತೆಗಾರನ ಬಳಿ. ಯಂತ್ರ ಎರಡು ಪಟ್ಟು ಚುರುಕಾಯಿತು. ಪ್ರಯೋಗಾಲಯದ ಯಂತ್ರದ ನಾಲ್ಕು ಕಂಟ್ರೋಲರ್‌ಗಳ ಮೇಲೆ ಅಕ್ಕ ತಮ್ಮ ಕೈಯಾರೆ ಕನ್ನಡದಲ್ಲಿ ಚೀಟಿ ಅಂಟಿಸಿದ್ದರು: ಅತ್ತಿ, ಹಿರೇಸೊಸಿ, ನಡುಸೊಸಿ, ಸಣ್ಣಾಕಿ. ತೆಲುಗು ಹುಡುಗರು ಅದನ್ನು ಆರಾಮಾಗಿ ಓದುತ್ತಿದ್ದರು. ಪರೀಕ್ಷೆಯ ನಡುವೆ ಒಬ್ಬ "ಅತ್ತ ಪಡಿಪೋಯಿಂದಿ!" ಎಂದು ಕೂಗಿದರೆ, ಅತ್ತೆ ಬಿದ್ದರು ಎಂದು ಹೊಸಬರು ಗಾಬರಿಯಾಗಿ ಮೊಬೈಲಿನಲ್ಲಿ ಆಂಬ್ಯುಲೆನ್ಸಿನ ನಂಬರು ಹುಡುಕುತ್ತಿದ್ದರು.

ಇಷ್ಟು ಜಾಣೆಗೆ ಸ್ಲೈಡ್ ಮಾಡಲು ಬರುತ್ತಿರಲಿಲ್ಲ. ಬರುತ್ತಿರಲಿಲ್ಲ ಅನ್ನುವುದಕ್ಕಿಂತ ಮಾಡುತ್ತಿರಲಿಲ್ಲ ಅನ್ನಬೇಕು. ದೊಡ್ಡವರ ಮೀಟಿಂಗಿಗೂ ಒಂದು ಹಾಳೆ, ಒಂದು ಪೆನ್ನು ಹಿಡಿದು ಹೋಗುತ್ತಿದ್ದರು. ಯಾರಾದರೂ ಏನಾದರೂ ಕೇಳಿದರೆ ಉತ್ತರಿಸುವ ಮುಂಚೆ ಬೆರಳ ಗೆಣ್ಣಿನಿಂದ ಮೇಜಿನ ಮೇಲೆ ಒಮ್ಮೆ ಟಕ್ ಎಂದು ಬಡಿಯುತ್ತಿದ್ದರು, ಸಂತೆಯಲ್ಲಿ ಗಡಿಗೆ ಬಡಿದು ನೋಡುವವರ ಹಾಗೆ. ಪ್ರಶ್ನೆ ಟೊಳ್ಳು ಅನ್ನಿಸಿದರೆ ಉತ್ತರವೇ ಇಲ್ಲ! ನಮ್ಮ ಮ್ಯಾನೇಜರ್‌ಗೆ ಈ ಟಕ್ ಸದ್ದು ಕೇಳಿದರೆ ಮೈಯೆಲ್ಲ ಉರಿಯುತ್ತಿತ್ತು.

ಅವರ ಮೇಜಿನ ಸೆಳೆಖಾನೆಯಲ್ಲಿ ಹುಣಸೆಹಣ್ಣು, ಬೆಲ್ಲ ಕುಟ್ಟಿ ಮಾಡಿದ ಚಿಗಳಿ ತುಂಬಿದ ಒಂದು ಡಬ್ಬಿ ಇರುತ್ತಿತ್ತು. ಯಂತ್ರದ ತಪ್ಪು ಹುಡುಕಿ ಕೊಟ್ಟವರಿಗೆ ಒಂದು ಚಿಗಳಿ. ತನ್ನದೇ ತಪ್ಪನ್ನು ತಾನೇ ಹುಡುಕಿ ತಂದವರಿಗೆ ಎರಡು. ಎಂಜಿನಿಯರಿಂಗ್ ಓದಿ ಬಂದ ಗಡ್ಡಧಾರಿಗಳು ಒಂದು ಚಿಗಳಿಗಾಗಿ ಬೆಳಗಿನಿಂದ ಸಂಜೆತನಕ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕುಳಿತಿರುತ್ತಿದ್ದರು. ನಾನೂ ಕುಳಿತಿದ್ದೇನೆ.

ಮಧ್ಯಾಹ್ನದ ಊಟಕ್ಕೆ ಅಕ್ಕನ ಸುತ್ತ ಒಂದು ಸಂತೆಯೇ ಕೂಡುತ್ತಿತ್ತು. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಪುಂಡಿಪಲ್ಯ. ಪುಂಡಿಪಲ್ಯ ಕಂಡರೆ ತೆಲುಗು ಹುಡುಗರು ಗೋಂಗೂರ, ಗೋಂಗೂರ ಎಂದು ಮುಗಿಬೀಳುತ್ತಿದ್ದರು. ಡಬ್ಬಿಗಳು ಕೈಯಿಂದ ಕೈಗೆ ಹೋಗಿ, ಯಾರ ಮುಚ್ಚಳ ಯಾರ ಡಬ್ಬಿಗೋ ಸೇರಿ, ಕಡೆಗೆ ತೊಳೆಯುವ ತೊಟ್ಟಿಯಲ್ಲಿ ಎಲ್ಲವೂ ಒಂದೇ ರಾಶಿ. ನಾವೆಲ್ಲ ಅದು ನನ್ನದು, ಇದು ನಿನ್ನದು ಎಂದು ಜಗಳಾಡುವಾಗ ಅಕ್ಕ ಸುಮ್ಮನೆ ಒಂದೊಂದೇ ಡಬ್ಬಿ ಬೋರಲು ಹಾಕಿ, ತಳ ನೋಡಿ, ತಮ್ಮವನ್ನು ಆರಿಸಿಕೊಂಡು ಹೊರಟುಬಿಡುತ್ತಿದ್ದರು.

ಒಂದು ದಿನ ನನಗೂ ತೋರಿಸಿದರು. ತಳದಲ್ಲಿ ಹೆಸರು, ಹೆಸರಿನ ಕೆಳಗೆ ತಾರೀಖು. ಪಾತ್ರೆಗೆ ಹೆಸರು ಹಾಕಿಸುವುದು ಎಲ್ಲರ ಮನೆಯಲ್ಲೂ ಉಂಟು. ಆದರೆ ನಮ್ಮವ್ವ ಎಲ್ಲರಿಗೂ ಕಾಣುವ ಹಾಗೆ ಹೊರಮೈಗೆ ದೊಡ್ಡದಾಗಿ ಹಾಕಿಸುತ್ತಿದ್ದಳು.

"ಹೊರಗ ಹಾಕಸಿದ್ರ ಶೋಕಿ ತಮ್ಮಾ" ಅಂದರು ಅಕ್ಕ. "ತಿಕ್ಕಿ ತಿಕ್ಕಿ ಸವದೂ ಹೋಗತೈತಿ. ಹೆಸರು ತಳಕ್ಕಿರಬೇಕು. ದಿನಾ ಕಾಣಬಾರದು, ಬೇಕಾದಾಗ ಸಿಗಬೇಕು."

ಕೂಕಟ್‌ಪಲ್ಲಿಯ ಸ್ಟೀಲ್ ಅಂಗಡಿಯ ಮುಂದೆ ಕುಳಿತು ಕರೆಂಟಿನ ಪೆನ್ನಿನಿಂದ ಪಾತ್ರೆಗಳ ಮೇಲೆ ಹೆಸರು ಕೊರೆಯುವ ಒಬ್ಬ ತೆಲುಗು ಮನುಷ್ಯ ಇದ್ದ. ಅಕ್ಕ ಕಾಗದದ ಮೇಲೆ ಕನ್ನಡದಲ್ಲಿ ಬರೆದುಕೊಡುವರು, ಅವನು ನೋಡಿ ಕೊರೆಯುವನು. ಆದರೆ ಕೈಯ ಅಭ್ಯಾಸ ಎಲ್ಲಿಗೆ ಹೋದೀತು! ಪ್ರತಿ ಅಕ್ಷರದ ನೆತ್ತಿಗೂ ತೆಲುಗಿನ ಒಂದು ಕೊಕ್ಕೆ ಸಿಕ್ಕಿಸಿಬಿಡುತ್ತಿದ್ದ. ಅಕ್ಕನ ಮನೆಯ ಪಾತ್ರೆಗಳ ಮೇಲಿನ ಹೆಸರುಗಳೆಲ್ಲ ಹೀಗೆ ತಲೆಯ ಮೇಲೆ ಕೊಕ್ಕೆ ಹೊತ್ತ ಕನ್ನಡದಲ್ಲಿರುತ್ತಿದ್ದವು.

ಯಂತ್ರದಲ್ಲಿಯೂ ಅಕ್ಕ ಇದನ್ನೇ ಮಾಡಿದ್ದರು. ಡಿಸ್ಕಿನ ಮೇಲೆ ಬರೆಯುವ ಪ್ರತಿ ಚೂರಿನ ಕೊನೆಗೂ ಒಂದು ಪುಟ್ಟ ಗುರುತು: ನಾನು ಯಾರ ಚೂರು, ಎಷ್ಟನೆಯದು, ಎಷ್ಟನೆಯ ಸಲ ಬರೆದದ್ದು. ನಾವು ಅದನ್ನು ತಳದ ಹೆಸರು ಎಂದೇ ಕರೆಯುತ್ತಿದ್ದೆವು. ಯಂತ್ರ ದಿನನಿತ್ಯ ಅದನ್ನು ಓದುವುದೇ ಇಲ್ಲ, ನಕಾಶೆ ನೋಡಿಕೊಂಡೇ ಎಲ್ಲವೂ ನಡೆಯುತ್ತದೆ. ಓದದ್ದನ್ನು ಬರೆಯುವುದೇಕೆ ಎಂದು ನನಗೆ ಅನ್ನಿಸತೊಡಗಿದ್ದು ನಾನು ಬಂದ ಮೂರನೆಯ ವರ್ಷ. ಇಲ್ಲಿಂದ ಮುಂದಿನದು ಬರೆಯಲು ಸ್ವಲ್ಪ ಕಷ್ಟ. ಆದರೆ ಇದನ್ನು ಬಿಟ್ಟರೆ ಅಕ್ಕನ ಬಗ್ಗೆ ಬರೆದಂತಾಗುವುದಿಲ್ಲ.

ಆ ವರ್ಷ ಮೇಲಿನವರಿಗೆ ವೇಗದ ಹುಚ್ಚು ಹಿಡಿದಿತ್ತು. ಯಂತ್ರ ಇನ್ನಷ್ಟು ಚುರುಕಾಗಬೇಕು, ಯಾರು ಮಾಡುತ್ತೀರಿ ಎಂದು ಮ್ಯಾನೇಜರ್ ಕೇಳಿದರು. ನಾನು ಕೈಯೆತ್ತಿದೆ. ತಳದ ಹೆಸರನ್ನು ತೆಗೆದುಬಿಟ್ಟರೆ ಪ್ರತಿ ಬರವಣಿಗೆಯಲ್ಲೂ ಒಂದಿಷ್ಟು ಉಳಿತಾಯವಾಗುತ್ತದೆ, ಹೇಗೂ ನಕಾಶೆಯ ಪ್ರತಿ ಪುಟವೂ ಎರಡು ಕಡೆ ಇದೆಯಲ್ಲ ಎಂದು ಹನ್ನೆರಡು ಸ್ಲೈಡು ಮಾಡಿದೆ. ಬಣ್ಣದ ಗೆರೆಗಳು ಏರಿ ಏರಿ ಹೋಗುತ್ತಿದ್ದವು. ಅಕ್ಕನಿಗೆ ತೋರಿಸುವ ಮುಂಚೆ ಮ್ಯಾನೇಜರ್‌ಗೆ ತೋರಿಸಿದೆ. ಬೇಕೆಂದೇ ಹಾಗೆ ಮಾಡಿದೆ.

ಮೀಟಿಂಗಿನಲ್ಲಿ ಅಕ್ಕ ಮೇಜು ಬಡಿಯಲಿಲ್ಲ. ನನ್ನತ್ತ ತಿರುಗಿ ಒಂದೇ ಮಾತು ಕೇಳಿದರು. "ಒಬ್ಬಾಕಿ ಸತ್ತಿಲ್ಲ, ಬರೇ ಕಣ್ಣು ಮುಚ್ಯಾಳ ಅಂತ ತಿಳಿ. ಜೋಡಿನಾಕಿ ಕೆಲಸಾ ತಗೊಂಡ್ಲು. ಅಷ್ಟರಾಗ ಇಕಿಗೆ ಎಚ್ಚರಾತು, ನಂದಽ ಅಂತ ತಾನೂ ಶುರು ಮಾಡಿದ್ಲು. ಎರಡೂ ಪುಟ ಕೆಡತಾವ. ಆವಾಗ ಯಾರನ್ನ ಕೇಳತಿ?"

ಅದು ಲಕ್ಷಕ್ಕೊಂದು ಸಲ ಆಗುವಂಥದ್ದು ಅಕ್ಕಾರ ಎಂದೆ. ಮ್ಯಾನೇಜರ್ ನಕ್ಕರು. ತಂಡದ ಮುಖ್ಯಸ್ಥೆಯಾಗಿ ಅಕ್ಕ ಸಹಿ ಮಾಡದೆ ಬದಲಾವಣೆ ಹೊರಹೋಗುವಂತಿರಲಿಲ್ಲ. ಒಂದು ವಾರ ತಡೆದರು. ದಿನಕ್ಕೆರಡು ಸಲ ಮೇಲಿನಿಂದ ಫೋನು. ಕಡೆಗೆ ಒಂದು ಮಧ್ಯಾಹ್ನ ನನ್ನನ್ನು ಕರೆದು, "ನಾ ಒಪ್ಪಿಲ್ಲ, ಆದ್ರ ಸಹಿ ಮಾಡಾಕತ್ತೀನಿ. ಸಹಿ ಮಾಡಿದ ಮ್ಯಾಲ ಇದು ನಂದು" ಅಂದರು. ನಾನು ಗೆದ್ದೆನೆಂದು ಹಿಗ್ಗಿದೆ.

ನನ್ನ ಹೊಸ ಆವೃತ್ತಿಯನ್ನು ಮೊದಲು ಹಾಕಿಸಿಕೊಂಡದ್ದು ನಗರದ ಒಂದು ಸ್ಕ್ಯಾನಿಂಗ್ ಕೇಂದ್ರ. ಎರಡನೆಯ ವಾರ, ಬೆಳಿಗ್ಗೆ ಹತ್ತಕ್ಕೆ, ಅಲ್ಲಿ ಕರೆಂಟು ಹೋಗಿ ಬಂದು, ಹೋಗಿ ಬಂದು ಆಟವಾಡಿತು. ಒಂದು ಕಂಟ್ರೋಲರ್ ಕಣ್ಣು ಮುಚ್ಚಿತು. ಜೊತೆಯದು ಅದರ ಕೆಲಸ ಹಿಡಿಯಿತು. ಮುಚ್ಚಿದ್ದು ಕಣ್ಣು ತೆರೆದು, ಒಡೆತನ ಇನ್ನೂ ತನ್ನದೇ ಎಂದುಕೊಂಡು, ಹಳೆಯ ಪುಟವನ್ನು ಹೊಸದರ ಮೇಲೆ ಬರೆಯಿತು. ಅಕ್ಕ ಹೇಳಿದ್ದರಲ್ಲಿ ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ. ನಕಾಶೆಯ ಒಂದು ಪಾಲು ಪೂರಾ ಕಲಸಿಹೋಯಿತು.

ಅಕ್ಕ ಮತ್ತು ನಾನು ಓಡಿದೆವು. ಆಟೋದಲ್ಲಿ ಅವರು ಹಾಳೆಯ ಮೇಲೆ ಏನೋ ಗೀಚುತ್ತ ಕುಳಿತರು. ಬೈದಿದ್ದರೆ ಎಷ್ಟೋ ಚಲೋ ಇತ್ತು. ಅಲ್ಲಿ ಹೋದವರೇ ಯಂತ್ರದ ಮುಂದೆ ಕುರ್ಚಿ ಹಾಕಿಕೊಂಡು ಕುಳಿತು, ಡಿಸ್ಕುಗಳನ್ನು ಒಂದೊಂದಾಗಿ ಓದಿ, ಪ್ರತಿ ಚೂರಿನ ತಳ ನೋಡಿ, ನಕಾಶೆಯನ್ನು ಮತ್ತೆ ಕಟ್ಟುವ ಕೆಲಸಕ್ಕೆ ಹಚ್ಚಿದರು. ಹಾಗೆ ಕಟ್ಟುವ ಪ್ರೋಗ್ರಾಂ ಎಂದೋ ಬರೆದು ಇಟ್ಟುಕೊಂಡಿದ್ದರು. ಸಂಜೆಯ ಹೊತ್ತಿಗೆ ಆರು ವರ್ಷಗಳ ಚಿತ್ರಗಳೆಲ್ಲ ತಮ್ಮ ತಮ್ಮ ಜಾಗಕ್ಕೆ ಬಂದವು. ಬಾರದೆ ಉಳಿದದ್ದು ಕಡೆಯ ಎರಡು ವಾರದವು, ನಾನು ತಳದ ಹೆಸರು ತೆಗೆದ ಮೇಲಿನವು. ಡಿಸ್ಕಿನ ಮೇಲೆಯೇ ಇವೆ, ಒಂದು ಚೂರೂ ಕಳೆದಿಲ್ಲ. ಯಾವುದು ಯಾರದು ಎಂದು ಹೇಳುವವರು ಮಾತ್ರ ಯಾರೂ ಇಲ್ಲ. ಕೇಂದ್ರದವರು ಆ ಎರಡು ವಾರದ ನಕಲನ್ನೂ ಅದೇ ಯಂತ್ರದಲ್ಲಿ ಇಟ್ಟಿದ್ದರು.

ಹೆಚ್ಚಿನವರ ವರದಿ ಆಗಲೇ ಕೈಸೇರಿತ್ತು. ಡಾಕ್ಟರು ಇನ್ನೂ ನೋಡದೆ ಉಳಿದವರು ಇಪ್ಪತ್ತಾರು ಮಂದಿ. ಅವರೆಲ್ಲ ಮತ್ತೊಮ್ಮೆ ಬಂದು ಸ್ಕ್ಯಾನ್ ಮಾಡಿಸಿಕೊಳ್ಳಬೇಕಿತ್ತು. ಮರುದಿನ ಬೆಳಿಗ್ಗೆ ಅಕ್ಕ ಕೇಂದ್ರದ ಮುಖ್ಯಸ್ಥರನ್ನು ಒಪ್ಪಿಸಿ, ರಿಸೆಪ್ಷನ್ನಿನ ಹುಡುಗಿಯ ಪಕ್ಕದಲ್ಲಿ ನನ್ನನ್ನು ಕೂಡಿಸಿದರು. ತೆಲುಗು, ಹಿಂದಿಯವರಿಗೆ ಆಕೆ ಮಾಡುತ್ತಾಳೆ, ಕನ್ನಡದವರು ನಿನ್ನ ಪಾಲಿಗೆ ಅಂದರು. ಕನ್ನಡದವರು ಐದು ಮಂದಿ ಇದ್ದರು.

"ಫೋನ್ ಹಚ್ಚು. ಮೊದಲ ನಿನ್ನ ಹೆಸರು ಹೇಳು. ಕಂಪನಿ, ಮಷಿನ್ನು, ಕರೆಂಟು ಅಂತ ಕತಿ ಹೇಳಬ್ಯಾಡ."

ಮೂರನೆಯ ಫೋನು ಎತ್ತಿದವನು ಯಾದಗಿರಿ ಕಡೆಯವನು, ಲಿಂಗಂಪಲ್ಲಿಯಲ್ಲಿ ಕಟ್ಟಡದ ಕೆಲಸ ಮಾಡುವವನು. ಸ್ಕ್ಯಾನ್ ಆಗಿದ್ದು ಅವನ ಹೆಂಡತಿಗೆ, ತಲೆಯದು. ನಾನು ಹೆಸರು ಹೇಳಿ ವಿಷಯ ಹೇಳಿದೆ.

"ಅಂದ್ರ ಆಕಿ ಫೋಟೋ ಹೋತೇನ್ರಿ?"

"ಹೌದ್ರಿ."

"ಆಕಿ ಆ ಗೂಡಿನ್ಯಾಗ ಮಲಗಾಕ ಭಾಳ ಅಂಜಿದ್ಲರಿ. ಅತ್ತಗೋಂತ ಮಲಗಿದ್ಲು. ಮತ್ತ ಮಲಗಬೇಕಂತೀರೇನು?"

ಹೌದ್ರಿ, ಇನ್ನೊಮ್ಮೆ ಮಲಗಬೇಕ್ರಿ ಅಂದೆ. ಆ ಕಡೆ ಸಿಮೆಂಟು ಕಲಸುವ ಯಂತ್ರದ ಗರಗರ ಸದ್ದು. ಆ ಸದ್ದಿನ ನಡುವೆಯೇ ಕೇಳಿದ: "ತಪ್ಪು ಯಾರದ್ರಿ?"

"ನಂದ್ರಿ" ಅಂದೆ. ಆ ಮಾತು ನನ್ನ ಬಾಯಿಂದ ಹೊರಬಿದ್ದದ್ದು ಅದೇ ಮೊದಲು.

"ಆತು. ನಂದು ಅಂತ ಹೇಳಿದ್ರಿ. ನಾಳಿ ಕರಕೊಂಡ್ ಬರತೀನಿ. ನೀವೂ ಅಲ್ಲೇ ಇರ್ರಿ ಮತ್ತ."

ಇದ್ದೆ. ಅಕ್ಕನೂ ಇದ್ದರು. ಆ ಹೆಣ್ಣುಮಗಳು ಬಾಗಿಲ ಚೌಕಟ್ಟು ಹಿಡಿದು ನಿಂತುಬಿಟ್ಟಳು. ಒಳಗೆ ಲೋಹ ಒಯ್ಯುವಂತಿಲ್ಲ, ತಾಳಿ ಕಾಲುಂಗುರ ತೆಗೆಯಬೇಕು. ಅವಳು ತೆಗೆಯಲೊಲ್ಲಳು. ಅಕ್ಕ ಪಕ್ಕದಲ್ಲಿ ಕುಳಿತು, "ತಂಗೀ, ನನ್ನ ಸೆರಗಿನ್ಯಾಗ ಗಂಟ ಹಾಕಿ ಇಟಗೋತೀನಿ. ನೀ ಬರೂತನಾ ಈ ಕುರ್ಚಿ ಬಿಟ್ಟು ಏಳಂಗಿಲ್ಲ" ಅಂದರು. ಅರ್ಧ ತಾಸು ಆ ಗಂಟನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಕುಳಿತಿದ್ದರು. ಅಷ್ಟರಲ್ಲಿ ನಮ್ಮ ಮ್ಯಾನೇಜರ್ ಫೋನು ಎರಡು ಸಲ ಬಂತು. ಎತ್ತಲಿಲ್ಲ.

ಆ ವಾರವೇ ವಿಚಾರಣೆಯ ಮೀಟಿಂಗು. ನನ್ನ ಬಡ್ತಿಯ ಕಾಗದ ಅದೇ ತಿಂಗಳು ಬರುವುದಿತ್ತು. ಹತ್ತು ಮಂದಿ ಕೂತಿದ್ದರು. ಈ ಬದಲಾವಣೆ ಯಾರದು ಎಂದು ಹಿರಿಯರೊಬ್ಬರು ಕೇಳಿದರು. ಲಿಂಗಂಪಲ್ಲಿಯ ಕೂಲಿಯವನ ಮುಂದೆ ಸರಾಗ ಬಂದ ಮಾತು ಇಲ್ಲಿ ಬರಲಿಲ್ಲ. ನನ್ನ ಸ್ಲೈಡುಗಳಿಗೆ ಚಪ್ಪಾಳೆ ತಟ್ಟಿದ್ದ ಮ್ಯಾನೇಜರ್ ಕಿಟಕಿಯಾಚೆ ನೋಡುತ್ತಿದ್ದರು. ಅಕ್ಕ ಮೇಜನ್ನು ಟಕ್ ಎಂದು ಒಮ್ಮೆ ಬಡಿದರು.

"ಸಹಿ ನನ್ನದು. ಹೊಣೆ ನನ್ನದು."

ಹೊಸ ತಲೆಮಾರಿನ ಯಂತ್ರದ ವಿನ್ಯಾಸ ಅಕ್ಕನ ಕೈಗೆ ಬರುವುದಿತ್ತು. ಅದಕ್ಕಾಗಿ ನಾಲ್ಕು ವರ್ಷದಿಂದ ಹಾಳೆಗಳ ಮೇಲೆ ಗೀಚಿ ಗೀಚಿ ಒಂದು ದಪ್ಪ ಕಟ್ಟು ಮಾಡಿಟ್ಟಿದ್ದರು. ಅದು ಬೇರೆಯವರ ಪಾಲಾಯಿತು. ಅಕ್ಕನನ್ನು ಪರೀಕ್ಷಾ ವಿಭಾಗಕ್ಕೆ ಹಾಕಿದರು. ಆ ಕಟ್ಟನ್ನು ಅವರು ತಾವಾಗಿಯೇ ಒಯ್ದು ಹೊಸಬರ ಮೇಜಿನ ಮೇಲೆ ಇಟ್ಟು ಬಂದದ್ದನ್ನು ನಾನು ನೋಡಿದೆ. ಅವತ್ತು ನನಗೆ ಊಟ ಸೇರಲಿಲ್ಲ. ಮಧ್ಯಾಹ್ನ ಅಕ್ಕನ ಸಂತೆಯ ಕಡೆಗೆ ಹೋಗುವುದನ್ನೇ ಬಿಟ್ಟೆ, ಕೆಳಗಿನ ಟಪರಿಯಲ್ಲಿ ಚಹಾ ಕುಡಿದು ಹೊತ್ತು ಕಳೆಯುತ್ತಿದ್ದೆ. ಥೂ, ಎಂಥ ಹೇಡಿ ನೀನು ಎಂದು ಹೆಂಡತಿ ಬೈದಳು. ಬೈದದ್ದು ಸರಿಯಿತ್ತು.

ಮೂರು ದಿನ ಕಳೆದು ಮ್ಯಾನೇಜರ್ ಕೋಣೆಗೆ ಹೋಗಿ, ತಪ್ಪು ನನ್ನದು, ಅಕ್ಕ ಬೇಡವೆಂದಿದ್ದರು, ಇದನ್ನು ಬರೆದುಕೊಳ್ಳಿ ಅಂದೆ. ಹಾಗೇ ಎಲ್ಲರಿಗೂ ಒಂದು ಮೇಲ್ ಕಳಿಸಿದೆ, ಕೊನೆಯಲ್ಲಿ ನನ್ನ ಹೆಸರು ಹಾಕಿ. ಆ ವಿಷಯ ಮುಗಿದಿದೆ, ಸುಮ್ಮನೆ ಯಾಕೆ ಕೆದಕುತ್ತೀರಿ ಎಂದರು ಮ್ಯಾನೇಜರ್. ಏನೂ ಬದಲಾಗಲಿಲ್ಲ. ನನ್ನ ಬಡ್ತಿ ಒಂದು ವರ್ಷ ಹಿಂದೆ ಬಿತ್ತು, ಅಷ್ಟೇ.

ಮ್ಯಾನೇಜರ್ ಕೋಣೆಯಿಂದ ನೆಟ್ಟಗೆ ಅಕ್ಕನ ಹೊಸ ಮೇಜಿಗೆ ಹೋಗಿ ನಿಂತೆ. ಹೇಳಿ ಬಂದೆ ಅಕ್ಕಾರ ಅಂದೆ. ಅವರು ತಲೆಯೆತ್ತಲಿಲ್ಲ.

"ತಡಾ ಮಾಡಿದಿ."

"ಹೌದ್ರಿ."

ಸೆಳೆಖಾನೆ ತೆರೆದು, ಡಬ್ಬಿಯಲ್ಲಿ ಕೈಯಾಡಿಸಿ, ನನ್ನ ಅಂಗೈಯಲ್ಲಿ ಚಿಗಳಿ ಇಟ್ಟರು. ಎರಡು. "ಬರೂ ರವಿವಾರ ಊಟಕ್ಕ ಬಾ. ಹೆಂಡತಿ ಮಗಳನ್ನೂ ಕರಕೊಂಡ್ ಬಾ" ಅಂದರು. ನಾನು ಮೆಟ್ಟಿಲ ಬಳಿ ಹೋಗಿ ನಿಂತು ಅತ್ತೆ. ಅಳುತ್ತಲೇ ಚಿಗಳಿ ತಿಂದೆ, ಏನು ಮಾಡುವುದು, ರುಚಿಯಾಗಿತ್ತು.

ಆ ರವಿವಾರದಿಂದ ಶುರುವಾದದ್ದು ಎಂಟು ವರ್ಷ ನಡೆಯಿತು. ತಿಂಗಳಿಗೊಂದು ಸಲವಾದರೂ ಕೂಕಟ್‌ಪಲ್ಲಿಯ ಆ ಒಡೆದ ಗೋಡೆಯ ಮನೆಯಲ್ಲಿ ನಮ್ಮ ಊಟ. ಅತ್ತೆ ಇರುವತನಕ ಅವರೇ ಬಡಿಸುತ್ತಿದ್ದರು. ಉಂಡ ತಟ್ಟೆಯನ್ನು ಎತ್ತಲು ನನಗೆ ಯಾವತ್ತೂ ಬಿಟ್ಟದ್ದಿಲ್ಲ. ನಾನು ಕೈ ಹಾಕುವಷ್ಟರಲ್ಲಿ ಯಾರಾದರೊಬ್ಬರು ಸೊಸೆ ಕಸಿದುಕೊಂಡು ಹೋಗಿರುತ್ತಿದ್ದರು. ಆಫೀಸಿನಲ್ಲಿ ತಳದ ಹೆಸರು ಯಂತ್ರಕ್ಕೆ ವಾಪಸು ಬಂತು. ಕಣ್ಣು ತೆರೆದ ಕಂಟ್ರೋಲರ್ ಮೊದಲು ಜೊತೆಯದನ್ನು ಕೇಳಬೇಕು, ಕೇಳದೆ ಏನನ್ನೂ ಮುಟ್ಟಬಾರದು ಎಂಬ ಕಟ್ಟಳೆಯನ್ನು ನಾನೇ ಬರೆದೆ. ಅಕ್ಕ ಪರೀಕ್ಷಾ ವಿಭಾಗದಲ್ಲಿ ಕುಳಿತು ಅದನ್ನು ನೂರಾರು ಸಲ ಬೀಳಿಸಿ ನೋಡಿದರು. ಯಂತ್ರದ ಅತ್ತಿಯನ್ನು ಮಲಗಿಸುವರು, ಎಬ್ಬಿಸುವರು. "ಈಗ ಕೇಳಿ ಬರ್ತಾಳ ನೋಡು, ಶಾಣ್ಯಾ ಆಗ್ಯಾಳ" ಎಂದು ನಗುವರು. ಕೈತಪ್ಪಿದ ಆ ವಿನ್ಯಾಸದ ಬಗ್ಗೆ ಒಮ್ಮೆಯೂ ಮಾತೆತ್ತಲಿಲ್ಲ. ನೋವಿರಲಿಲ್ಲ ಎಂದು ನಾನು ಹೇಳಲಾರೆ. ಹೊಸ ಯಂತ್ರ ಹೊರಬಂದ ದಿನ ಎಲ್ಲರೂ ಕೇಕು ತಿನ್ನುವಾಗ ಅವರು ಅದರ ಸುತ್ತ ಒಂದು ಸುತ್ತು ಬಂದು, ಬಾಗಿಲನ್ನು ಟಕ್ ಎಂದು ಬಡಿದು, ಸದ್ದು ಕೇಳಿಸಿಕೊಂಡು ಹೊರಟುಹೋದರು.

ನಿವೃತ್ತಿಯ ದಿನ ಭಾಷಣ ಮಾಡಿರೆಂದು ಒತ್ತಾಯಿಸಿದಾಗ, ಎದ್ದು ನಿಂತು, ಚಿಗಳಿಯ ಡಬ್ಬಿ ಯಾರಿಗೆ ಬೇಕು ಎಂದು ಕೇಳಿ ಕುಳಿತುಬಿಟ್ಟರು. ಅದಕ್ಕಾಗಿ ನಡೆದ ಹೊಡೆದಾಟ ಇಲ್ಲಿ ಬರೆಯುವಂಥದ್ದಲ್ಲ.

ಹೋದ ರವಿವಾರ ಅವರ ಮನೆಗೆ ಹೋಗಿದ್ದೆ. ಅತ್ತೆ ತೀರಿಕೊಂಡು ಎರಡು ವರ್ಷವಾಯಿತು. ಈಗ ಮೂವರು ಅಣ್ಣತಮ್ಮಂದಿರೂ ಬೇರೆಯಾಗುತ್ತಿದ್ದಾರೆ. ಜಗಳವಿಲ್ಲ, ತಂಟೆಯಿಲ್ಲ, ಮಕ್ಕಳು ದೊಡ್ಡವರಾದರು, ಜಾಗ ಸಾಲದು. ಅಕ್ಕ ಮತ್ತು ಅವರ ಯಜಮಾನರು ಶಂಶಾಬಾದಿನಲ್ಲಿ ಮನೆ ಮಾಡಿದ್ದಾರೆ. ಸಾಮಾನು ಎತ್ತಲು ಬಾ ಎಂದು ನನ್ನನ್ನು ಕರೆದಿದ್ದರು. ಪಡಸಾಲೆಯಲ್ಲಿ ಒಂದು ದೊಡ್ಡ ಜಮಖಾನ ಹಾಸಿ, ನಲವತ್ತು ವರ್ಷದ ಪಾತ್ರೆಗಳನ್ನೆಲ್ಲ ತಂದು ಸುರಿದಿದ್ದರು. ಪಾತ್ರೆ ಹಂಚುವಾಗ ಎಂಥೆಂಥ ಮನೆಗಳಲ್ಲಿ ಎಂಥೆಂಥ ಮಾತು ಬರುತ್ತವೆ ಎಂದು ನಾನು ಕಂಡಿದ್ದೇನೆ. ಇಲ್ಲಿ ಮೂವರು ವಾರಗಿತ್ತಿಯರು ಕಾಲು ಚಾಚಿ ಕುಳಿತು, ಒಂದೊಂದನ್ನೇ ಬೋರಲು ಹಾಕಿ ತಳ ಓದುತ್ತಿದ್ದರು. ಇದು ನಿಂದು, ಇದು ನಂದು, ಇದು ಅತ್ತೀದು. ಅತ್ತೆಯದು ಬಂದಾಗ ಮಾತ್ರ ಸೆರಗಿನಿಂದ ಒರೆಸಿ ಬೇರೆ ಇಡುತ್ತಿದ್ದರು. ಮಧ್ಯಾಹ್ನದೊಳಗೆ ರಾಶಿ ಕರಗಿ ನಾಲ್ಕು ಗುಂಪುಗಳಾದವು.

ಜಮಖಾನದ ನಡುವೆ ಒಂದು ಊಟದ ತಟ್ಟೆ ಉಳಿಯಿತು. ಅಂಚಿನಲ್ಲಿ ಸಣ್ಣ ತಗ್ಗು ಬಿದ್ದ ತಟ್ಟೆ. ಆ ತಗ್ಗು ನನಗೆ ಗುರುತಿತ್ತು, ಎಷ್ಟೋ ಸಲ ಅದರಲ್ಲಿ ಉಂಡಿದ್ದೆ. ಇದು ಯಾರದ್ರಿ ಎಂದು ಕೇಳಿದೆ. ಕಿರಿಯ ಸೊಸೆ ತಟ್ಟೆ ಬೋರಲು ಹಾಕಿ ನೋಡಿ, ಬಾಯಿಗೆ ಸೆರಗು ಒತ್ತಿ ನಗುತ್ತ ನನ್ನ ಕೈಗೆ ಕೊಟ್ಟರು.

ತಳದಲ್ಲಿ ನನ್ನ ಹೆಸರು. ಪ್ರತಿ ಅಕ್ಷರದ ನೆತ್ತಿಯ ಮೇಲೂ ತೆಲುಗಿನ ಕೊಕ್ಕೆ. ಕೆಳಗೆ ತಾರೀಖು, ಎಂಟು ವರ್ಷದ ಹಿಂದಿನ ಆ ರವಿವಾರದ್ದು.

ಎಂಟು ವರ್ಷ ಅದರಲ್ಲಿ ಉಂಡಿದ್ದೇನೆ, ಒಮ್ಮೆಯೂ ತಿರುವಿ ನೋಡಿಲ್ಲ. ತಲೆಯೆತ್ತಿ ಅಕ್ಕನನ್ನು ನೋಡಿದೆ. ಅವರು ತಮ್ಮ ಪಾಲಿನ ಪಾತ್ರೆಗಳನ್ನು ಚೀಲಕ್ಕೆ ತುಂಬಿ, ಸೊಂಟ ಹಿಡಿದುಕೊಂಡು ಏಳುತ್ತಿದ್ದರು.

"ಏನ್ ನೋಡಾಕತ್ತಿ? ನಿಂದಽ ಐತಿ, ತಗೊಂಡ್ ಹೋಗು. ಇಷ್ಟು ವರ್ಷ ನಾವು ತೊಳದೀವಿ. ಇನ್ನ ನೀ ತೊಳಿ."